ಝಳದ ಊರು, ಸೆಕೆಯ ಊರು: ಹವೆ ನೋಡಿ ನೆಲೆ ಹುಡುಕುವುದು ಹೇಗೆ?

ಪ್ರತಿ ವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ದಾವಣಗೆರೆಯ ನಮ್ಮ ಮನೆಗೂ ಮಂಗಳೂರಿನಲ್ಲಿರುವ ಅಕ್ಕನ ಮನೆಗೂ ನಡುವೆ ಫೋನಿನಲ್ಲಿ ಒಂದೇ ಮಾತು ನಡೆಯುತ್ತದೆ. "ನಿಮ್ಮಲ್ಲಿ ಇವತ್ತು ಎಷ್ಟು ಬಿಸಿಲು?" ಎಂದು ಅಕ್ಕ ಕೇಳುತ್ತಾಳೆ. ಮೂವತ್ತೊಂಬತ್ತು ಎಂದರೆ, "ಅಯ್ಯೋ ಮಾರಾಯ, ಹೇಗಿರುತ್ತೀರೋ!" ಎಂದು ನಿಟ್ಟುಸಿರು ಬಿಡುತ್ತಾಳೆ. ಅವರಲ್ಲಿ ಅಂದು ಮೂವತ್ತಮೂರು. ಆರು ಡಿಗ್ರಿ ಕಡಿಮೆಯಿರುವ ಆ ಊರಿಗೆ ಒಮ್ಮೆ ಮೇ ತಿಂಗಳಲ್ಲಿ ನೆಮ್ಮದಿಯನ್ನು ಹುಡುಕಿಕೊಂಡೇ ಹೋಗಿದ್ದೆ. ಬಸ್ಸಿಳಿದು ಅರ್ಧ ಗಂಟೆ ಕಳೆಯುವುದರೊಳಗೆ ಅಂಗಿ ಬೆನ್ನಿಗೆ ಅಂಟಿತ್ತು. ಸ್ನಾನ ಮಾಡಿ ಮೈ ಒರೆಸಿಕೊಳ್ಳುತ್ತಿರುವಾಗಲೇ ಮತ್ತೆ ಬೆವರು. ರಾತ್ರಿ ಎರಡಾದರೂ ದಿಂಬು ಒದ್ದೆ. ಅಕ್ಕ ನಮ್ಮಲ್ಲಿಗೆ ಬಂದಾಗ ಅವಳ ತುಟಿ ಒಡೆಯುತ್ತದೆ, ಮೂಗು ಒಣಗಿ ಉರಿಯುತ್ತದೆ, ಮಧ್ಯಾಹ್ನ ಬಾಗಿಲಾಚೆ ಕಾಲಿಡಲು ಅಂಜುತ್ತಾಳೆ. ಆದರೆ ರಾತ್ರಿ ತಾರಸಿಯ ಮೇಲೆ ಚಾಪೆ ಹಾಸಿದರೆ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುತ್ತಾಳೆ. ಹಾಗಾದರೆ ಎರಡರಲ್ಲಿ ಯಾವ ಊರಿನ ಹವೆ ಕೆಟ್ಟದ್ದು? ಥರ್ಮಾಮೀಟರಿನ ಅಂಕಿಯೊಂದನ್ನೇ ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲು ಸಾಧ್ಯವಿಲ್ಲ. ಜನ ಎಲ್ಲಿ ನೆಲೆಸುತ್ತಾರೆ, ಎಲ್ಲಿಂದ ಏಳುತ್ತಾರೆ ಎಂಬುದನ್ನು ತಿಳಿಯಬೇಕಾದರೂ ಆ ಅಂಕಿಯ ಹಿಂದಕ್ಕೆ ಹೋಗಲೇಬೇಕು.

ನಮ್ಮ ಭಾಷೆ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿದೆ. ಬಯಲುಸೀಮೆಯ ಒಣ ಬಿಸಿಲಿನಿಂದ ಮುಖಕ್ಕೆ ರಾಚುವುದು ಝಳ. ಗಾಳಿ ಕದಲದೆ, ಮೈಯ ಬೆವರು ಆರದೆ ಒಳಗೊಳಗೇ ಬೇಯಿಸುವುದು ಸೆಕೆ. ದಾವಣಗೆರೆಯಲ್ಲೂ ಸೆಕೆ ಇಲ್ಲವೆಂದಲ್ಲ. ಮುಂಗಾರು ಪೂರ್ವದ ಗುಡುಗು ಮಳೆ ಬರುವ ಹಿಂದಿನ ಸಂಜೆ ಮೋಡ ಮುಚ್ಚಿಕೊಂಡು ಎಲೆಯೂ ಅಲುಗಾಡದಿದ್ದಾಗ ಓಣಿಯ ಕಟ್ಟೆಯ ಮೇಲೆ ಕುಳಿತವರು "ಭಾಳ ಸೆಕೆ, ರಾತ್ರಿ ಮಳೆ ಗ್ಯಾರಂಟಿ" ಎನ್ನುತ್ತಾರೆ. ಆದರೆ ನಮಗೆ ಅದು ವರ್ಷದಲ್ಲಿ ಕೆಲವು ದಿನಗಳ ಮಾತು, ಕರಾವಳಿಗೆ ತಿಂಗಳುಗಟ್ಟಲೆಯ ಬದುಕು.

ಈ ಎರಡರ ನಡುವಿನ ಭೇದವನ್ನು ತಿಳಿಯಲು ಅಡುಗೆಮನೆಯ ಮೂಲೆಯಲ್ಲಿರುವ ಮಣ್ಣಿನ ಮಡಕೆಯನ್ನು ನೋಡಿದರೆ ಸಾಕು. ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಹೊರಮೈಯಲ್ಲಿ ಆರುತ್ತದೆ. ನೀರು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ಮಡಕೆಯಿಂದಲೇ ಹೀರಿಕೊಳ್ಳುತ್ತದೆ. ಹಾಗಾಗಿ ಒಳಗಿನ ನೀರು ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ಆರುವಿಕೆ ಜೋರು, ತಂಪು ಹೆಚ್ಚು. ದಾವಣಗೆರೆಯ ಏಪ್ರಿಲ್‌ನಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅದೇ ಮಡಕೆಯನ್ನು ಮಂಗಳೂರಿನ ಮೇ ತಿಂಗಳಿಗೆ ಒಯ್ದರೆ ನೀರು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ, ಏಕೆಂದರೆ ಸುತ್ತಲಿನ ಗಾಳಿ ಆಗಲೇ ತೇವದಿಂದ ತುಂಬಿದೆ, ಇನ್ನಷ್ಟು ಆವಿಯನ್ನು ತೆಗೆದುಕೊಳ್ಳಲು ಅದರಲ್ಲಿ ಜಾಗವಿಲ್ಲ. ಹುಲ್ಲಿನ ಪರದೆಗೆ ನೀರು ಸುರಿದು ಗಾಳಿ ಎಳೆಯುವ ಕೂಲರ್‌ಗಳು ನಮ್ಮ ಕಡೆಯ ಮನೆಗಳಲ್ಲಿ ಕೆಲಸಕ್ಕೆ ಬಂದು ಕರಾವಳಿಯಲ್ಲಿ ಬಾರದಿರುವುದಕ್ಕೂ ಇದೇ ಕಾರಣ.

ಮನುಷ್ಯನ ದೇಹವೂ ಇಂಥದೊಂದು ಮಡಕೆಯೇ. ಒಳಗಿನ ಉಷ್ಣತೆ ಸುಮಾರು 37 ಡಿಗ್ರಿಯಲ್ಲೇ ನಿಲ್ಲಬೇಕು. ಸುಮ್ಮನೆ ಕುಳಿತಿದ್ದರೂ ದೇಹ ಹಳೆಯ ಕಾಲದ ನೂರು ವ್ಯಾಟ್ ಬಲ್ಬಿನಷ್ಟು ಶಾಖವನ್ನು ಉತ್ಪಾದಿಸುತ್ತಲೇ ಇರುತ್ತದೆ. ದುಡಿಯುವಾಗ ಅದರ ಹಲವು ಪಟ್ಟು. ಹೊರಗಿನ ಗಾಳಿ ಚರ್ಮಕ್ಕಿಂತ ತಣ್ಣಗಿದ್ದರೆ ಈ ಶಾಖ ತಾನಾಗಿ ಹೊರಗೆ ಹರಿಯುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಉಳಿಯುವುದು ಒಂದೇ ದಾರಿ, ಅದು ಬೆವರು. ಒಂದು ಲೀಟರ್ ಬೆವರು ಮೈಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆರದೆ ತೊಟ್ಟಿಕ್ಕಿದ ಬೆವರಿನಿಂದ ಏನೇನೂ ಪ್ರಯೋಜನವಿಲ್ಲ. ದೇಹದ ನೀರು ಮತ್ತು ಉಪ್ಪು ಹೋದವು, ಶಾಖ ಮಾತ್ರ ಒಳಗೇ ಉಳಿಯಿತು.

ಹವಾಮಾನ ವಿಜ್ಞಾನಿಗಳು ಇದನ್ನು ಅಳೆಯಲು ಬಳಸುವ ವಿಧಾನ ಬಹಳ ಸರಳವಾದದ್ದು. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಲು ಬಿಟ್ಟರೆ ಅದು ತೋರಿಸುವ ಉಷ್ಣತೆಯನ್ನು ಆರ್ದ್ರ ಬಲ್ಬ್ ತಾಪಮಾನ ಎನ್ನುತ್ತಾರೆ. ಬೆವರಿನಿಂದ ದೇಹ ಎಷ್ಟರ ಮಟ್ಟಿಗೆ ತಣಿಯಬಹುದು ಎಂಬುದರ ಕೆಳಮಿತಿಯನ್ನು ಈ ಅಂಕಿ ಹೇಳುತ್ತದೆ. ಲೆಕ್ಕ ಹಾಕಿ ನೋಡೋಣ. ದಾವಣಗೆರೆಯಲ್ಲಿ 40 ಡಿಗ್ರಿ ಬಿಸಿಲು, ಗಾಳಿಯ ತೇವಾಂಶ ಶೇ. 20 ಇದ್ದರೆ ಆರ್ದ್ರ ಬಲ್ಬ್ ತಾಪಮಾನ 22ರಿಂದ 23 ಡಿಗ್ರಿ. ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಅದು 29 ಡಿಗ್ರಿ ದಾಟುತ್ತದೆ. ಒಣ ಅಂಕಿಯಲ್ಲಿ ನಾವು ಏಳು ಡಿಗ್ರಿ ಮುಂದಿದ್ದರೂ ದೇಹಕ್ಕೆ ನಿಜವಾಗಿ ತಗಲುವ ಲೆಕ್ಕದಲ್ಲಿ ಅಕ್ಕನ ಊರು ಆರು ಡಿಗ್ರಿ ಮುಂದಿದೆ. ಈ ಅಂಕಿ 35 ಮುಟ್ಟಿದರೆ ನೆರಳಿನಲ್ಲಿ, ಗಾಳಿಯಲ್ಲಿ, ಬೇಕಾದಷ್ಟು ನೀರು ಕುಡಿದು ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಡೆಯಲಾರ ಎಂಬುದು ಸೈದ್ಧಾಂತಿಕ ಮಿತಿ. ಇತ್ತೀಚೆಗೆ ಅಮೆರಿಕದಲ್ಲಿ ತರುಣರ ಮೇಲೆ ನಡೆದ ಪ್ರಯೋಗಗಳಲ್ಲಿ ತೇವದ ಗಾಳಿಯಲ್ಲಿ 30-31 ಡಿಗ್ರಿಗೇ ದೇಹದ ಒಳಗಿನ ಉಷ್ಣತೆ ಏರತೊಡಗಿದ್ದು ಕಂಡುಬಂದಿದೆ. ಭಾರತೀಯ ಹವಾಮಾನ ಇಲಾಖೆಯೂ ಬಿಸಿಗಾಳಿಯ ಎಚ್ಚರಿಕೆಗೆ ಎಲ್ಲ ಕಡೆಗೂ ಒಂದೇ ಅಳತೆಗೋಲು ಇಟ್ಟಿಲ್ಲ. ಬಯಲಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಏರಿರಬೇಕು.

ಹಾಗೆಂದು ಒಣ ಬಿಸಿಲು ನಿರಪಾಯಕಾರಿ ಎಂದು ತಿಳಿಯಬಾರದು. ಒಣ ಹವೆಯಲ್ಲಿ ಬೆವರು ಕಾಣಿಸಿಕೊಳ್ಳುವ ಮುನ್ನವೇ ಆರಿಹೋಗುವುದರಿಂದ ದೇಹ ಎಷ್ಟು ನೀರು ಕಳೆದುಕೊಂಡಿತು ಎಂಬುದು ಗೊತ್ತಾಗುವುದೇ ಇಲ್ಲ. ಹೊಲದಲ್ಲಿ ಇಡೀ ದಿನ ದುಡಿದವರು "ನನಗೇನೂ ಬೆವರಲಿಲ್ಲ" ಎಂದುಕೊಂಡೇ ತಲೆಸುತ್ತಿ ಬೀಳುತ್ತಾರೆ. ನಮ್ಮ ಕಡೆ ಮಜ್ಜಿಗೆಗೆ ಉಪ್ಪು ಹಾಕಿ ಕೊಡುವ ರೂಢಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಊರಿನ ಹವೆಯನ್ನು ತೂಗುವಾಗ ಹಗಲಿನ ಗರಿಷ್ಠಕ್ಕಿಂತ ರಾತ್ರಿಯ ಕನಿಷ್ಠಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಗಲಿನಲ್ಲಿ ದಣಿದ ಹೃದಯಕ್ಕೆ ಬಿಡುವು ಸಿಗುವುದು ರಾತ್ರಿ ಮಾತ್ರ. ಒಣ ಪ್ರದೇಶದ ಗಾಳಿಯಲ್ಲಿ ಶಾಖವನ್ನು ಹಿಡಿದಿಡುವ ತೇವ ಕಡಿಮೆಯಿರುವುದರಿಂದ ಸೂರ್ಯ ಮುಳುಗಿದ ಮೇಲೆ ನೆಲದ ಕಾವು ನೇರವಾಗಿ ಆಕಾಶಕ್ಕೆ ಹೊರಟುಹೋಗುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಈ ಎತ್ತರವೂ ನಮಗೆ ನಾಲ್ಕೈದು ಡಿಗ್ರಿಯ ಸಹಾಯ ಮಾಡುತ್ತದೆ. ಬೆಂಗಳೂರಿನ 920 ಮೀಟರ್ ಅದಕ್ಕೆ ನಮಗಿಂತ ಇನ್ನೆರಡು ಡಿಗ್ರಿ ಹೆಚ್ಚಿನ ತಂಪು ಕೊಟ್ಟಿದೆ. ನಾನೂರು ಮೀಟರಿನ ಆಸುಪಾಸಿನಲ್ಲಿರುವ ರಾಯಚೂರಿಗೆ ಆ ಭಾಗ್ಯವಿಲ್ಲ.

ಆದರೆ ಪ್ರಕೃತಿ ಕೊಟ್ಟ ಈ ತಂಪಾದ ರಾತ್ರಿಯನ್ನು ನಾವೇ ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ. ಇದನ್ನು ತಿಳಿಯಬೇಕಾದರೆ ತಲೆಯ ಮೇಲಿನ ಸೂರಿನ ಕಡೆ ನೋಡಬೇಕು. ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ಅಲ್ಲಲ್ಲಿ ಉಳಿದಿರುವ ಮಾಳಿಗೆ ಮನೆಗಳನ್ನು ನೆನೆದುಕೊಳ್ಳಿ. ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಸೊಪ್ಪು-ಕಡ್ಡಿ, ಅದರ ಮೇಲೆ ಗೇಣುದ್ದದ ಮಣ್ಣು, ಕೊನೆಗೆ ನೀರು ಇಳಿಯದಂತೆ ತಡೆಯುವ ಕರ್ಲು ಮಣ್ಣಿನ ಹೊದಿಕೆ; ಬೆಳಕಿಗೆ ಒಂದು ಗವಾಕ್ಷಿ. ಮುಂಗಾರಿಗೆ ಮುನ್ನ ಪ್ರತಿ ವರ್ಷ ಹೊಸ ಕರ್ಲು ಹರಡುತ್ತಿದ್ದರು. ಇಷ್ಟು ದಪ್ಪದ ಮಣ್ಣನ್ನು ದಾಟಿ ಹಗಲಿನ ಬಿಸಿ ಒಳಗೆ ಬರಲು ಹತ್ತು ಹನ್ನೆರಡು ಗಂಟೆ ಬೇಕು. ಮಧ್ಯಾಹ್ನದ ಕಾವು ಒಳಮೈ ಮುಟ್ಟುವ ಹೊತ್ತಿಗೆ ಹೊರಗೆ ನಡುರಾತ್ರಿಯ ತಂಪು ಆವರಿಸಿರುತ್ತದೆ, ಮನೆಯವರು ಮಾಳಿಗೆಯ ಮೇಲೆ ಮಲಗಿರುತ್ತಾರೆ. ಹಗಲಿನಲ್ಲಿ ಒಳಗೆ ತಂಪು, ರಾತ್ರಿ ಮೇಲೆ ತಂಪು. ಈಗಿನ ನಾಲ್ಕೈದು ಇಂಚಿನ ಆರ್‌ಸಿಸಿ ತಾರಸಿಯನ್ನು ಅದೇ ಬಿಸಿ ಮೂರು ನಾಲ್ಕು ಗಂಟೆಯಲ್ಲಿ ದಾಟುತ್ತದೆ. ಮಧ್ಯಾಹ್ನ ಎರಡರ ಬಿಸಿಲು ಸಂಜೆ ಆರಕ್ಕೆ, ಎಲ್ಲರೂ ಮನೆ ಸೇರುವ ಹೊತ್ತಿಗೆ ಸರಿಯಾಗಿ, ಛಾವಣಿಯಿಂದ ಕೆಳಕ್ಕೆ ಸುರಿಯಲು ತೊಡಗಿ ಮಲಗುವವರೆಗೂ ಬಿಡುವುದಿಲ್ಲ. ತಗಡಿನ ಶೀಟಿನ ಮನೆಯಲ್ಲಂತೂ ತಡೆಯೇ ಇಲ್ಲ.

ಸೂರಿನ ಆಕಾರವನ್ನು ನೋಡಿದರೆ ಒಂದು ಪ್ರದೇಶದ ಹವೆಯ ಚರಿತ್ರೆಯೇ ತಿಳಿಯುತ್ತದೆ. ಚಪ್ಪಟೆಯಾದ ಮಣ್ಣಿನ ಮಾಳಿಗೆ ನಿಲ್ಲುವುದು ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಮಾತ್ರ. ಮೂರೂವರೆ ಸಾವಿರ ಮಿಲಿಮೀಟರ್ ಬೀಳುವ ಮಂಗಳೂರಿನಲ್ಲಿ ಅದು ಒಂದೇ ಮಳೆಗಾಲಕ್ಕೆ ಕರಗಿಹೋಗುತ್ತದೆ. ಅಲ್ಲಿ ಬೇಕಾದದ್ದು ಕಡಿದಾದ ಇಳಿಜಾರು, ಉದ್ದನೆಯ ಸೂರಿನಂಚು, ಗಾಳಿಯಾಡುವ ತೆರೆದ ಜಗಲಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಹೆಂಚು ದೇಶದ ಉದ್ದಗಲಕ್ಕೂ ಹರಡಿತು. ಒಣ ಹವೆಗೆ ದಪ್ಪ ಗೋಡೆ ಮತ್ತು ಸಣ್ಣ ಕಿಟಕಿ, ತೇವದ ಹವೆಗೆ ತೆಳು ಗೋಡೆ ಮತ್ತು ದೊಡ್ಡ ಕಿಟಕಿ ಎಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಸತ್ಯ. ಇಂದು ದಾವಣಗೆರೆಯಲ್ಲೂ ಮಂಗಳೂರಿನಲ್ಲೂ ಒಂದೇ ನಕ್ಷೆಯ ಮನೆಗಳು ಏಳುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮನೆಗೆ ಆದದ್ದೇ ಊರಿಗೂ ಆಗುತ್ತದೆ. ಟಾರು, ಕಾಂಕ್ರೀಟು ಹಗಲಿನ ಬಿಸಿಯನ್ನು ಕುಡಿದು ರಾತ್ರಿಯಿಡೀ ಉಗುಳುತ್ತವೆ. ಮರ ಮತ್ತು ಕೆರೆಗಳು ಹೋದಲ್ಲಿ ಆವಿಯಾಗಿ ತಣಿಸುವ ನೀರೂ ಹೋಗುತ್ತದೆ. ನಗರ ತನ್ನ ಸುತ್ತಲಿನ ಹಳ್ಳಿಗಾಡಿಗಿಂತ, ಅದರಲ್ಲೂ ರಾತ್ರಿಯ ವೇಳೆ, ಬಿಸಿಯಾಗಿರುತ್ತದೆ ಎಂಬುದನ್ನು ಲ್ಯೂಕ್ ಹೊವಾರ್ಡ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಲಂಡನ್ನಿನಲ್ಲಿ ಅಳೆದು ತೋರಿಸಿದ್ದ. ದುರ್ಗದಲ್ಲಿ ಇದಕ್ಕೆ ಬಂಡೆಗಳೂ ಸೇರಿಕೊಳ್ಳುತ್ತವೆ. ಏಳು ಸುತ್ತಿನ ಕೋಟೆಯ ಬುಡದ ಬೀದಿಗಳಲ್ಲಿ ಬೇಸಿಗೆಯ ಸಂಜೆ ನಡೆದರೆ ಬೆಟ್ಟದ ಕಡೆಯ ಕೆನ್ನೆಗೆ ಕಾವು ತಗಲುತ್ತದೆ.

ಜಗತ್ತಿನಲ್ಲಿ ಇದಕ್ಕಿಂತ ಕಠಿಣವಾದ ಹವೆಯ ಊರುಗಳು ಬೇಕಾದಷ್ಟಿವೆ, ಅಲ್ಲೆಲ್ಲ ಜನರಿದ್ದಾರೆ. ಸೈಬೀರಿಯಾದ ಯಾಕುಟ್ಸ್ಕ್ ನಗರದಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ನೆಲ ಸದಾ ಹೆಪ್ಪುಗಟ್ಟಿರುವುದರಿಂದ ಮನೆಗಳ ಶಾಖಕ್ಕೆ ಅದು ಕರಗಿ ಕುಸಿಯದಿರಲೆಂದು ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸುತ್ತಾರೆ. ಆದರೂ ಮೂರು ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದಾರೆ. ಆ ಸೀಮೆಯ ವಜ್ರ, ಚಿನ್ನದ ಗಣಿಗಳು ಮತ್ತು ಆಡಳಿತ ಕಚೇರಿಗಳು ಅವರನ್ನು ಹಿಡಿದಿಟ್ಟಿವೆ. ಅಮೆರಿಕದ ಮರುಭೂಮಿಯಲ್ಲಿರುವ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿಗಿಂತ ಹೆಚ್ಚು ಬಿಸಿಲಿತ್ತು. 1950ರಲ್ಲಿ ಒಂದು ಲಕ್ಷದಷ್ಟಿದ್ದ ಆ ಊರಿನ ಜನಸಂಖ್ಯೆ 2020ರಲ್ಲಿ 16 ಲಕ್ಷ ದಾಟಿತ್ತು. ಹವಾನಿಯಂತ್ರಣ ಯಂತ್ರ ಮತ್ತು ದೂರದ ಕೊಲರಾಡೊ ನದಿಯಿಂದ ತಂದ ನೀರು ಇಲ್ಲದಿದ್ದರೆ ಈ ಬೆಳವಣಿಗೆ ಕನಸಿನ ಮಾತು. ದೆಹಲಿಯಲ್ಲಿ ಮೇ ತಿಂಗಳ ಬಿಸಿಗಾಳಿ, ಜುಲೈ-ಆಗಸ್ಟಿನ ಸೆಕೆ, ಚಳಿಗಾಲದಲ್ಲಿ ನೆಲಮಟ್ಟದ ತಣ್ಣನೆಯ ಗಾಳಿ ಮೇಲಿನ ಬೆಚ್ಚನೆಯ ಪದರದ ಕೆಳಗೆ ಸಿಕ್ಕಿಬಿದ್ದು ಹೊಗೆಯನ್ನು ಹಿಡಿದಿಡುವ ಉಸಿರುಗಟ್ಟಿಸುವ ದಿನಗಳು, ಹೀಗೆ ವರ್ಷದಲ್ಲಿ ಮೂರು ಬಗೆಯ ಕಷ್ಟಗಳಿವೆ. ಆ ನಗರಕ್ಕೆ ಬಂದು ಸೇರುವವರ ಸಂಖ್ಯೆ ಇದರಿಂದ ತಗ್ಗಿಲ್ಲ.

ಕೆಟ್ಟ ಹವೆ ಜನರನ್ನು ಓಡಿಸುತ್ತದೆ ಎಂಬ ಸಾಮಾನ್ಯ ನಂಬಿಕೆ ಹಾಗಾದರೆ ಪೂರ್ತಿ ನಿಜವಲ್ಲ. ಅನ್ನ ಸಿಗುವ ಕಡೆ ಜನ ಸೆಕೆಯನ್ನೂ ಹಿಮವನ್ನೂ ಸಹಿಸುತ್ತಾರೆ. ಸಹಿಸಲಾಗದ್ದು ನೀರಿಲ್ಲದ ಸ್ಥಿತಿಯನ್ನು. ಇದಕ್ಕೆ ಉದಾಹರಣೆಗಾಗಿ ದೂರ ಹೋಗಬೇಕಿಲ್ಲ, ಚಿತ್ರದುರ್ಗದ ಸೀಮೆಯ ಇತಿಹಾಸವೇ ಸಾಕು.

ಮುಂಗಾರು ಮಾರುತ ಅರಬ್ಬಿ ಸಮುದ್ರದಿಂದ ಹೊತ್ತು ತರುವ ತೇವದಲ್ಲಿ ಬಹಳಷ್ಟು ಪಶ್ಚಿಮ ಘಟ್ಟವನ್ನು ಏರುವಾಗಲೇ ಸುರಿದುಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟವಿಳಿದು ಪೂರ್ವಕ್ಕೆ ಬರುವ ಗಾಳಿ ಇಳಿಯುತ್ತಾ ಬೆಚ್ಚಗಾಗಿ ಒಣಗುತ್ತದೆ; ಅದೇ ಗಾಳಿ ಚಳ್ಳಕೆರೆ, ಹಿರಿಯೂರು ತಲುಪುವ ಹೊತ್ತಿಗೆ ಮೋಡವನ್ನು ತರುತ್ತದೆ, ಮಳೆಯನ್ನು ತರುವುದಿಲ್ಲ. ಅಲ್ಲಿಯ ವಾರ್ಷಿಕ ಮಳೆ ನಾನೂರೈವತ್ತು ಮಿಲಿಮೀಟರಿನ ಆಸುಪಾಸು. ಆಷಾಢದಲ್ಲಿ ದುರ್ಗದ ಗುಡ್ಡಗಳ ಮೇಲೆ ನಿಂತರೆ ಮೈಮೇಲಿನ ಶಾಲು ಹಾರಿಹೋಗುವಷ್ಟು ಗಾಳಿ; ಬಿಸಿಲಿಲ್ಲ, ಸೆಕೆಯಿಲ್ಲ, ಹವೆಯ ಸುಖದ ಲೆಕ್ಕದಲ್ಲಿ ಅದಕ್ಕಿಂತ ಹಿತವಾದ ಕಾಲವೇ ಇಲ್ಲ. ಆದರೆ ರೈತನ ಕಣ್ಣಲ್ಲಿ ಅದು ಮೋಡ ನೋಡುತ್ತ ಕುಳಿತುಕೊಳ್ಳುವ ಕಾಲ. ಇಲ್ಲಿ ನೆಲ ನೆನೆಯುವುದು ಮುಂಗಾರಿಗೆ ಮುಂಚಿನ ಗುಡುಗು ಮಳೆಯಿಂದ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. "ರೋಹಿಣಿ ಮಳೆ ಸುರಿದರೆ ಓಣಿಯೆಲ್ಲ ಜೋಳ" ಎಂಬ ಮಾತಿನಲ್ಲಿರುವ ನಿರೀಕ್ಷೆ ಅಂಥದು. ಆ ಗಾಳಿಯನ್ನೇ ಹಿಡಿದು ವಿದ್ಯುತ್ ಮಾಡುವ ಗಾಳಿಯಂತ್ರಗಳು ಈಗ ಗುಡ್ಡದ ನೆತ್ತಿಗಳ ಮೇಲೆ ಸಾಲುಗಟ್ಟಿ ನಿಂತಿವೆ.

ಇಂಥ ಕಡೆ ಊರು ಕಟ್ಟಿದವರು ಮೊದಲು ಮಾಡಿದ ಕೆಲಸ ನೀರನ್ನು ನಿಲ್ಲಿಸುವುದು. ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬರ ಮಯೂರಶರ್ಮನ ಶಾಸನ ಅವನು ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು ನಾಲ್ಕನೆಯ ಶತಮಾನದ್ದು. ಅದೇ ಕಣಿವೆಯಲ್ಲಿ ಶಾತವಾಹನರ ಕಾಲದ ನೆಲೆಯ ಕುರುಹುಗಳೂ ರೋಮಿನ ನಾಣ್ಯಗಳೂ ಉತ್ಖನನದಲ್ಲಿ ಸಿಕ್ಕಿವೆ ಎಂದರೆ ಈ ಒಣ ಬೆಟ್ಟಗಳ ನಡುವೆ ಎರಡು ಸಾವಿರ ವರ್ಷಗಳಷ್ಟು ಹಿಂದೆಯೂ ಜನರಿದ್ದರು, ವ್ಯಾಪಾರವಿತ್ತು ಎಂದಾಯಿತು. ಮುಂದೆ ನಾಯಕರ ಕಾಲದ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ ನೀರು ಇಳಿದುಬರುವ ವ್ಯವಸ್ಥೆ ಇತ್ತು. ಬಂಡೆಯ ಮೇಲೆ ಬಿದ್ದ ಹನಿ ಇಂಗುವುದಿಲ್ಲ, ಓಡುತ್ತದೆ. ಆ ಓಟವನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಿಡಿದವರ ಬುದ್ಧಿಗೆ ಎಷ್ಟು ಗೌರವ ಸಲ್ಲಿಸಿದರೂ ಸಾಲದು.

ಆ ವ್ಯವಸ್ಥೆಯನ್ನೂ ಮೀರಿ ಮಳೆ ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನು ಧಾತು-ಈಶ್ವರ ಸಂವತ್ಸರಗಳ ಬರ ತೋರಿಸಿತು. 1876ರಿಂದ 78ರವರೆಗಿನ ಆ ಕ್ಷಾಮಕ್ಕೆ ಮುಂಚೆ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರವನ್ನು 1907ರ ಹೊತ್ತಿಗೆ ಕಟ್ಟಿ ಮುಗಿಸಿದ್ದು ಇಂಥ ಕಹಿ ಅನುಭವದ ಬೆನ್ನಿಗೇ. ಆ ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷ. ಅಂದು ಕೋಡಿ ನೋಡಲು ನೆರೆದ ಜನರಲ್ಲಿ ಬಹುತೇಕರು ಆ ದೃಶ್ಯವನ್ನು ಅಜ್ಜ-ಅಜ್ಜಿಯರ ಬಾಯಿಂದ ಮಾತ್ರ ಕೇಳಿದ್ದವರು.

ಮಳೆ ಹೋದ ವರ್ಷ ಮೊಳಕಾಲ್ಮೂರು, ಜಗಳೂರು ಕಡೆಯ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ. ಕೆಲವರು ಕಾಫಿ ತೋಟಗಳಿಗೆ, ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಮನೆಯಲ್ಲಿ ಮುದುಕರೂ ಮಕ್ಕಳೂ ಉಳಿಯುತ್ತಾರೆ. ಬಿಸಿಲು ಹೆಚ್ಚಾಯಿತೆಂದು ಗುಳೆ ಹೋದವರನ್ನು ನಾನು ಕಂಡಿಲ್ಲ. ಹವೆಗೆ ತಕ್ಕಂತೆ ಜಾಗ ಬದಲಿಸುವುದನ್ನೇ ಬದುಕಿನ ಕ್ರಮ ಮಾಡಿಕೊಂಡವರು ಈ ಸೀಮೆಯ ಕುರಿಗಾರರು. ಮೇವು ಮುಗಿದಾಗ ಮಂದೆಯನ್ನು ಹೊಡೆದುಕೊಂಡು ನೀರಾವರಿ ಸೀಮೆಯ ಕಡೆ ಹೊರಟು, ಕೊಯ್ಲಾದ ಗದ್ದೆಗಳಲ್ಲಿ ಮಂದೆ ತರುಬಿ, ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಹಿಂದಿರುಗುತ್ತಾರೆ. ಹೆಗಲ ಮೇಲಿನ ಕಂಬಳಿ ಅವರಿಗೆ ಬಿಸಿಲಿಗೂ ಚಳಿಗೂ ಮಳೆಗೂ ಒಂದೇ.

ನೀರು ಹೆಚ್ಚಿದ್ದ ಕಡೆ ಜನ ಹೆಚ್ಚಿರಬೇಕು ಎಂದುಕೊಂಡರೆ ಅದೂ ತಪ್ಪು. ಮಲೆನಾಡಿನ ತಂಪನ್ನೂ ಹಸಿರನ್ನೂ ಇಂದು ಎಲ್ಲರೂ ಬಯಸುತ್ತಾರೆ. ಮಳೆಯಲ್ಲಿ ನೆನೆಯಲೆಂದೇ ದಾವಣಗೆರೆಯ ಹುಡುಗರು ಬೈಕು ಹತ್ತಿ ಆಗುಂಬೆಗೆ ಹೋಗುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಮಲೆನಾಡೆಂದರೆ ಮಲೇರಿಯಾದ ನಾಡು. ಚಳಿಜ್ವರದಿಂದ ಮನೆಗಳೇ ಖಾಲಿಯಾದ ಊರುಗಳು ಅಲ್ಲಿದ್ದವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿಡಿಟಿ ಸಿಂಪಡಣೆ ವ್ಯಾಪಕವಾದ ಮೇಲೆ ಆ ಭಯ ಇಳಿಯಿತು. ಬ್ರಿಟಿಷರು 1809ರಲ್ಲಿ ತಮ್ಮ ಸೇನಾ ಠಾಣ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸಾಗಿಸಿದ್ದಕ್ಕೂ ಕಾವೇರಿ ದಂಡೆಯ ಸೊಳ್ಳೆ ಮತ್ತು ಜ್ವರವೇ ಕಾರಣ. ಅಲ್ಲಿಂದ ಬೆಂಗಳೂರಿನ ದಂಡು ಪ್ರದೇಶ ಬೆಳೆಯಿತು. ಹಿತವಾದ ಹವೆಯಿಂದ ಬೆಂಗಳೂರು ಬೆಳೆಯಿತೆಂಬ ಮಾತಿನಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ. ಉಳಿದ ಬೆಳವಣಿಗೆಯನ್ನು ಕಾರ್ಖಾನೆ, ವಿದ್ಯಾಸಂಸ್ಥೆ, ಉದ್ಯೋಗಗಳು ಮಾಡಿದವು, ದೂರದ ಕಾವೇರಿಯ ನೀರನ್ನು ಬೆಟ್ಟದೆತ್ತರಕ್ಕೆ ಪಂಪು ಮಾಡುವ ವಿದ್ಯುತ್ತು ಮಾಡಿತು.

ದಾವಣಗೆರೆಯ ಕತೆಯೂ ಇದೇ. ಹವೆ ಚೆನ್ನಾಗಿದೆ ಎಂದು ಈ ಊರಿಗೆ ಬಂದವರು ಯಾರೂ ಇಲ್ಲ. ಹೈದರಾಲಿ ಈ ಊರನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ವ್ಯಾಪಾರಿಗಳು ಬಂದು ನೆಲೆಸಿದರು, ರೈಲು ಬಂತು, ಹತ್ತಿಯ ಗಿರಣಿಗಳು ಎದ್ದು ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದವು, ಭದ್ರಾ ನಾಲೆಯ ನೀರು ಸುತ್ತಲಿನ ಹೊಲಗಳನ್ನು ಗದ್ದೆ, ಅಡಿಕೆ ತೋಟಗಳನ್ನಾಗಿ ಮಾಡಿತು. 2011ರ ಗಣತಿಗೆ ನಗರದ ಜನಸಂಖ್ಯೆ ನಾಲ್ಕು ಲಕ್ಷ ಮೂವತ್ತು ಸಾವಿರ ದಾಟಿತ್ತು.

ಜನ ಹವೆಯನ್ನು ನೋಡಿ ಊರನ್ನು ಆರಿಸಿಕೊಳ್ಳುವುದು ಅಪರೂಪವಾದರೂ, ಊರಿನೊಳಗೆ ಹವೆ ಎಲ್ಲರಿಗೂ ಒಂದೇ ಬಗೆಯಲ್ಲಿ ತಗಲುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ವಿಷಯ. ಇದೇ ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೋಡಿ. ಉರಿಯುವ ಒಲೆಯ ಮೇಲಿನ ಕಾದ ಮರಳಿನಲ್ಲಿ ಅಕ್ಕಿ ಅರಳುವಾಗ ಅದರ ಮುಂದೆ ನಿಂತವರಿಗೆ ಹೊರಗಿನ 39 ಡಿಗ್ರಿ ತಂಪಾದ ಗಾಳಿಯಂತೆ ತೋರಬಹುದು. ಸಂಜೆ ನಾವು ಮಿರ್ಚಿಯೊಂದಿಗೆ ತಿನ್ನುವ ಖಾರ ಮಂಡಕ್ಕಿಯ ಹಿಂದೆ ಆ ಕಾವನ್ನು ಹೊತ್ತ ಮೈಗಳಿವೆ. ಅವರಲ್ಲಿ ಅನೇಕರು ರಾತ್ರಿ ಮರಳುವುದು ಶೀಟಿನ ಮನೆಗೆ. ಹಗಲು ಭಟ್ಟಿಯ ಕಾವು, ರಾತ್ರಿ ತಗಡಿನ ಕಾವು, ನಡುವೆ ದೇಹಕ್ಕೆ ಬಿಡುವಿಲ್ಲ. ಮರಗಳಿರುವ ಬಡಾವಣೆಯ ಎಸಿ ಕೋಣೆಯಲ್ಲಿ ಮಲಗುವವರಿಗೂ ಅವರಿಗೂ ಪತ್ರಿಕೆಯಲ್ಲಿ ಅಚ್ಚಾಗುವ ಉಷ್ಣತೆ ಒಂದೇ. ಎಸಿ ಯಂತ್ರ ಕೋಣೆಯ ಬಿಸಿಯನ್ನು ಬೀದಿಗೆ ಸುರಿಯುವುದರಿಂದ ಒಬ್ಬರ ತಂಪಿನ ಬೆಲೆಯನ್ನು ಇನ್ನೊಬ್ಬರೂ ತೆರಬೇಕಾಗುತ್ತದೆ. ಫೀನಿಕ್ಸ್ ನಗರವಿರುವ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿನ ಕಾರಣಕ್ಕೆ ಸತ್ತವರು 645 ಮಂದಿ. ಅಷ್ಟು ಶ್ರೀಮಂತ ನಾಡಿನಲ್ಲಿಯೂ ಸತ್ತವರಲ್ಲಿ ಬಹಳ ಜನ ಮನೆಯಿಲ್ಲದವರು.

ಇದಕ್ಕೆ ಪರಿಹಾರಗಳಿವೆ, ಅವು ದುಬಾರಿಯವೂ ಅಲ್ಲ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಸಾವುಗಳನ್ನು ಕಂಡ ಅಹಮದಾಬಾದ್ 2013ರಲ್ಲಿ ಬಿಸಿಲನ್ನು ಎದುರಿಸುವ ನಗರ ಯೋಜನೆಯೊಂದನ್ನು ರೂಪಿಸಿತು. ಮುಂಚಿತವಾಗಿ ಎಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಬೀದಿಗಳಲ್ಲಿ ಕುಡಿಯುವ ನೀರು, ಬಡವರ ಮನೆಯ ಛಾವಣಿಗೆ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ, ಇಷ್ಟೇ ಅದರ ಮುಖ್ಯ ಅಂಶಗಳು. ನಮ್ಮ ರಾಜ್ಯದಲ್ಲಿ ಕಲಬುರಗಿ ವಿಭಾಗ ಮತ್ತು ವಿಜಯಪುರ, ಬಾಗಲಕೋಟೆಗಳ ಸರ್ಕಾರಿ ಕಚೇರಿಗಳು ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುತ್ತವೆ. ಗುಮಾಸ್ತರಿಗೆ ಸಿಕ್ಕ ಈ ಸಮಯದ ನೆರಳು ರಸ್ತೆಗೆ ಟಾರು ಹಾಕುವವರಿಗೂ ಹಮಾಲರಿಗೂ ಮೊದಲು ಸಿಗಬೇಕಿತ್ತು. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಂತೂ ಅವರಿಗೆ ಖಂಡಿತವಾಗಿ ಬೇಕು.

ವರ್ಗಾವಣೆಯಾಗಿಯೋ ಓದಿಗಾಗಿಯೋ ಈ ಕಡೆ ಬರುವವರು ನನ್ನನ್ನು ಹವೆಯ ಬಗ್ಗೆ ಕೇಳಿದಾಗ ನಾನು ಗರಿಷ್ಠ ಉಷ್ಣತೆಯ ಮಾತೆತ್ತುವುದಿಲ್ಲ. ಮೇಲಿನ ಅಂತಸ್ತಿನ ಮನೆಯಾದರೆ ಸಂಜೆ ಏಳಕ್ಕೆ ಹೋಗಿ ನೋಡಿ, ಛಾವಣಿಯ ಕಾವು ಆಗ ತಿಳಿಯುತ್ತದೆ. ಪಡುವಣ ಗೋಡೆಗೆ ನೆರಳಿದೆಯೇ, ಮಲಗುವ ಕೋಣೆಗೆ ಎದುರುಬದುರು ಕಿಟಕಿಗಳಿವೆಯೇ ಎಂದು ನೋಡಿ ಎನ್ನುತ್ತೇನೆ. ಆದರೆ ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವರು ಬಾಡಿಗೆ ಮನೆ ನೋಡಲು ಹೋದರೆ ಕಿಟಕಿಯನ್ನೂ ನೋಡುವುದಿಲ್ಲ, ಗೋಡೆಯನ್ನೂ ನೋಡುವುದಿಲ್ಲ. ನೇರವಾಗಿ ಹಿತ್ತಲಿಗೆ ಹೋಗಿ ಸಂಪಿನ ಮುಚ್ಚಳ ತೆಗೆದು ಇಣುಕುತ್ತಾರೆ, ಆಮೇಲೆ ಮನೆಯೊಡತಿಯ ಕಡೆ ತಿರುಗಿ, "ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದಮ್ಮಾ?" ಎಂದು ಕೇಳುತ್ತಾರೆ.